ಮನೆಗಾವಲಿನ ಕೋವಿಯೂ ಮದ್ದುಗುಂಡಿನ ಬೆಲೆಯೂ

ಕೊಡವನೊಬ್ಬನು ಕೊಡಗಿನ ಎಲ್ಲೆಯನ್ನು ಬಿಟ್ಟು ಬೆಂಗಳೂರಿನ ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಮನೆ ಮಾಡಿಕೊಂಡನೆಂದು ಭಾವಿಸೋಣ. ಅವನು ಪರವಾನಗಿಯಿಲ್ಲದೆ ತನ್ನ ಬಳಿ ಇರಿಸಿಕೊಳ್ಳಬಹುದಾದ ಆಯುಧಗಳೆಷ್ಟು ಎಂಬುದನ್ನು ಭಾರತ ಸರ್ಕಾರವು ೧೯೬೩ರಲ್ಲಿ ಹೊರಡಿಸಿದ ಪ್ರಕಟಣೆಯು ವಿಧಿಸಿತು. ಒಂದು ರೈಫಲ್, ಅದಕ್ಕೆ ೧೦೦ ಗುಂಡು. ನುಣುಪು ನಳಿಗೆಯ ಒಂದು ಕೋವಿ, ಅದಕ್ಕೆ ೫೦೦ ತೋಟಾ, ಅಥವಾ ಅಷ್ಟಕ್ಕೆ ಸರಿದೂಗುವ ಸೀಸದ ಚರೆ ಮತ್ತು ಮದ್ದು. ಈ ವಿಧಿಯಲ್ಲಿ ನಮ್ಮ ಗಮನವನ್ನು ಸೆಳೆಯುವುದು ಕೋವಿಯ ಎಣಿಕೆಯಲ್ಲ, ಗುಂಡಿನ ಎಣಿಕೆ. ಕೋವಿಯನ್ನು ಒಮ್ಮೆ ಕೊಂಡರೆ ಮೂರು ತಲೆಮಾರು ಬಾಳುತ್ತದೆ. ಮದ್ದುಗುಂಡಾದರೋ ಹಾರಿಸಿದೊಡನೆ ಮುಗಿದುಹೋಗುವ ವಸ್ತು. ಅದನ್ನು ಮತ್ತೆ ಮತ್ತೆ ಸಂಪಾದಿಸಬೇಕು, ಅದಕ್ಕೆ ಮತ್ತೆ ಮತ್ತೆ ಹಣ ತೆರಬೇಕು. ಆದುದರಿಂದ ಮನೆಗಾವಲಿಗಾಗಿ ಆಯುಧವನ್ನಿರಿಸಿಕೊಂಡ ಗೃಹಸ್ಥನಿಗೂ ಅವನನ್ನು ಆಳುವ ಪ್ರಭುತ್ವಕ್ಕೂ ನಡುವಣ ನಿಜವಾದ ವ್ಯವಹಾರವು ಮದ್ದುಗುಂಡಿನ ವಿಷಯದಲ್ಲಿಯೇ ನಡೆಯಿತೆಂದು ತೋರುತ್ತದೆ. ಕರ್ನಾಟಕದ ಇತಿಹಾಸದಿಂದ ಕೆಲವು ನಿದರ್ಶನಗಳನ್ನಾರಿಸಿ ಈ ಮಾತನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಕೋವಿ ಎಂಬ ಶಬ್ದಕ್ಕೆ ಮೂಲದಲ್ಲಿ ಕೊಳವೆ ಎಂದಷ್ಟೇ ಅರ್ಥ. ಬಂದೂಕು, ತುಪಾಕಿ ಎಂಬುವು ಹೊರಗಿನಿಂದ ಬಂದ ಮಾತುಗಳು. ಹೊರಗಿನಿಂದ ಬಂದ ಈ ಆಯುಧದ ಪ್ರಭಾವವು ನಮ್ಮ ನಾಡಿನ ರಣರಂಗದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡ ಪ್ರಸಂಗಗಳಲ್ಲೊಂದು ೧೫೨೦ರ ರಾಯಚೂರು ಮುತ್ತಿಗೆ. ಕ್ರಿಸ್ಟೊವಾವ್ ಡಿ ಫಿಗೆರಿಡೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ಕೃಷ್ಣದೇವರಾಯನ ಪಕ್ಷದಲ್ಲಿ ನಿಂತು, ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಉರುಳಿಸಿದ ಸಂಗತಿಯನ್ನು ನ್ಯೂನಿಜನು ಬರೆದಿಟ್ಟಿದ್ದಾನೆ. ಅಲ್ಲಿಂದ ಮುಂದಿನ ಶತಮಾನಗಳಲ್ಲಿ ಬಂದೂಕು ಸೇನೆಯಿಂದ ಪಾಳೆಯಗಾರರಿಗೆ, ಪಾಳೆಯಗಾರರಿಂದ ಊರಗೌಡರಿಗೆ, ಅವರಿಂದ ಬೇಟೆಗಾರ ಕುಲಗಳಿಗೆ ಇಳಿಯುತ್ತ ಬಂದಿತು. ಅದರ ಇಳಿತಕ್ಕೆ ನೆರವಾದುದು ಮದ್ದಿನ ಸೌಲಭ್ಯ. ಕರಿಮದ್ದಿಗೆ ಬೇಕಾದುವು ಮೂರೇ ವಸ್ತುಗಳು: ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪನ್ನು ಸವುಳುಮಣ್ಣಿನಿಂದ ತೆಗೆಯುವ ಕಸುಬು ನಮ್ಮ ಹಳ್ಳಿಗಳಲ್ಲಿಯೇ ಇದ್ದಿತು. ಇದ್ದಿಲಿಗೆ ಕೊರತೆಯಿರಲಿಲ್ಲ. ಗಂಧಕ ಮತ್ತು ಸೀಸಗಳನ್ನು ಮಾತ್ರ ಸಂತೆಯಿಂದ ತರಬೇಕಾಗಿತ್ತು. ಸೀಸವನ್ನು ಕರಗಿಸಿ ಅಚ್ಚಿನಲ್ಲೆರೆದು ಗುಂಡು ಮಾಡುವುದು ಮನೆಯೊಲೆಯ ಮೇಲೆಯೇ ಆಗುವ ಕೆಲಸ. ಹಾರಿದ ಗುಂಡನ್ನು ಬೇಟೆಯ ಮೈಯಿಂದ ಹೊರತೆಗೆದು ಮರಳಿ ಕರಗಿಸುವಷ್ಟು ಮಿತವ್ಯಯವೂ ಸಾಧ್ಯವಿದ್ದಿತು.

ಗುಂಡಿನ ಖರ್ಚು ಕೋವಿಯ ಹೆಸರಿನಲ್ಲಿಯೇ ಅಡಗಿದೆಯೆಂಬುದು ಕುತೂಹಲದ ವಿಷಯ. ಹನ್ನೆರಡನೆಯ ಬೋರಿನ ಕೋವಿ ಎಂದು ಇಂದಿಗೂ ಹೇಳುತ್ತೇವಷ್ಟೆ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡುಗಳನ್ನು ಎರೆಯಬಹುದೆಂಬುದೇ ಆ ಅಂಕಿಯ ಅರ್ಥ. ಅಂದರೆ ಗುಂಡೊಂದರ ತೂಕ ಸುಮಾರು ೩೮ ಗ್ರಾಂ. ಹದಿನಾರನೆಯ ಬೋರಾದರೆ ಅದೇ ಪೌಂಡಿನಲ್ಲಿ ಹದಿನಾರು ಗುಂಡು. ನಳಿಗೆ ಕಿರಿದಾದಷ್ಟೂ ಸೀಸದ ಉಳಿತಾಯ. ಇಂಗ್ಲೆಂಡಿನ ಕಮ್ಮಾರರಿಂದ ಬಂದ ಈ ಅಳತೆಯು ಮೂಲತಃ ಖರ್ಚಿನ ಅಳತೆಯೂ ಆಗಿದೆಯೆಂಬುದನ್ನು ಮರೆಯಬಾರದು.

ಬಯಲುಸೀಮೆಯಲ್ಲಿ ರಕ್ಷಣೆಯೆಂಬುದು ಮನೆಯ ಕೆಲಸಕ್ಕಿಂತ ಹೆಚ್ಚಾಗಿ ಊರಿನ ಕೆಲಸವಾಗಿದ್ದಿತು. ಮರಾಠರ ದಂಡು, ಪಿಂಡಾರಿಗಳ ಹಾವಳಿ, ನೆರೆಯ ಪಾಳೆಯಗಾರನ ಸುಲಿಗೆ ಇವುಗಳ ಕಾಲದಲ್ಲಿ ಊರು ಒಂದೆಡೆ ಒತ್ತಾಗಿ ಸೇರಿ, ನಡುವೆ ಹುಡೆಯನ್ನು ಕಟ್ಟಿಕೊಂಡಿತು. ಇಂದಿಗೂ ಉತ್ತರ ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಹಾಳುಬಿದ್ದು ನಿಂತಿರುವ ಈ ಹುಡೆಗಳ ಗೋಡೆಗಳಲ್ಲಿ ಬಂದೂಕಿನ ಕಿಂಡಿಗಳನ್ನು ಕಾಣಬಹುದು. ಊರಿನ ಕೆಲವರ ಕೈಯಲ್ಲಿ ಜಾಮಗಿ ಕೋವಿಯಿದ್ದು ಒಂದೆಡೆ ಮದ್ದಿನ ಸಂಗ್ರಹವಿದ್ದರೆ ಎಲ್ಲರಿಗೂ ಆಸರೆ. ಮೈಸೂರು ಸಂಸ್ಥಾನದಲ್ಲಿ ಇದೇ ಏರ್ಪಾಡು ಕಂದಾಚಾರವೆಂಬ ಹೆಸರಿನಲ್ಲಿ ಸರ್ಕಾರದ ಅಂಗವಾಯಿತು. ಶಾಂತಿಕಾಲದಲ್ಲಿ ಉಳುಮೆ, ಕಾವಲು. ಯುದ್ಧಕಾಲದಲ್ಲಿ ದಂಡಿನ ಊಳಿಗ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮದ್ದು ಬಹುಮಟ್ಟಿಗೆ ಸರ್ಕಾರದ ವಶಕ್ಕೆ ಸರಿಯಿತು. ಶ್ರೀರಂಗಪಟ್ಟಣದಲ್ಲಿಯೂ ಬೆಂಗಳೂರು ಕೋಟೆಯ ಪರಿಸರದಲ್ಲಿಯೂ ಉಳಿದಿರುವ ಮದ್ದಿನ ಮನೆಗಳೇ ಇದಕ್ಕೆ ಸಾಕ್ಷಿ. ಕೋಟೆಯ ಬಳಿಯಿಂದ ಬನಶಂಕರಿಯ ಕಡೆಗೆ ಕೃಷ್ಣರಾಜೇಂದ್ರ ರಸ್ತೆಯಲ್ಲಿ ನಿತ್ಯ ಸಂಚರಿಸುವ ಸಹಸ್ರಾರು ಜನರಿಗೆ, ಒಂದು ಕಾಲದಲ್ಲಿ ಈ ಪ್ರಾಂತ್ಯದ ಬಲವೆಲ್ಲ ಅಂತಹ ತಗ್ಗಾದ ಕತ್ತಲೆ ಕೋಣೆಗಳಲ್ಲಿ ಒಣಗಿ ಕುಳಿತಿತ್ತೆಂಬುದು ಹೊಳೆಯಲಾರದು. ತೇವ ತಟ್ಟದಂತೆ ಮದ್ದನ್ನು ಕಾಪಾಡುವುದು ಕೋಟೆಯನ್ನು ಕಾಪಾಡಿದಷ್ಟೇ ಮುಖ್ಯವಾಗಿದ್ದಿತು.

ಆಂಗ್ಲರ ಆಳ್ವಿಕೆಯಲ್ಲಿ ಈ ಚಿತ್ರವು ಬದಲಾದುದು ೧೮೫೭ರಲ್ಲಿ. ಆ ವರ್ಷದ ದಂಗೆಯ ನೆಪಗಳಲ್ಲಿ ಮೊದಲನೆಯದು ಕೊಬ್ಬು ಸವರಿದ ಎನ್‌ಫೀಲ್ಡ್ ತೋಟಾ ಎಂಬುದು ಎಲ್ಲರಿಗೂ ತಿಳಿದಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಟ ಇಪ್ಪತ್ತೆಂಟನೆಯ ಕಾಯಿದೆಯು ಆಯುಧಗಳ ಜೊತೆಗೆ ಮದ್ದುಗುಂಡಿನ ಆಮದು, ತಯಾರಿಕೆ, ಮಾರಾಟಗಳನ್ನೂ, ಅವನ್ನು ಇರಿಸಿಕೊಳ್ಳುವ ಹಕ್ಕನ್ನೂ ಸರ್ಕಾರದ ಅಂಕೆಗೆ ತಂದಿತು. ಜನರ ಬಾಯಲ್ಲಿ ಇದು ಹತ್ಯಾರ ಕಿತ್ತುಕೊಳ್ಳುವ ಕಾಯಿದೆ. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಬೇಟೆಯೂ ಕಾವಲೂ ವೃತ್ತಿಯಾಗಿದ್ದವರಿಗೆ ಹತ್ಯಾರವನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ನವೆಂಬರ್ ತಿಂಗಳ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ೧೯ ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಮರುವರ್ಷ ಮೇ ತಿಂಗಳಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಪತ್ತೆಯಾದುದೇ ಮುಂಡರಗಿಯ ಭೀಮರಾಯನ ದಂಗೆಗೆ ಕಿಡಿಯಾಯಿತು. ಆತನು ಕೊಪ್ಪಳದ ಕೋಟೆಯಲ್ಲಿ ಮಡಿದನು. ಹಲಗಲಿಯ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು.

ಇದೇ ಕಾಯಿದೆ ಕೊಡಗಿನಲ್ಲಿ ಇನ್ನೊಂದು ಬಗೆಯಾಗಿ ಪರಿಣಮಿಸಿತು. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡರು. ೧೮೩೭ರಲ್ಲಿ ಕೊಡಗಿನ ಗಡಿಯಲ್ಲಿಯೂ ಅಮರಸುಳ್ಯ ಭಾಗದಲ್ಲಿಯೂ ರೈತರ ಬಂಡಾಯವೆದ್ದಾಗ ಕೊಡವ ಮುಖಂಡರು ಹಲವರು ಸರ್ಕಾರದ ಪಕ್ಷ ವಹಿಸಿದರು. ಅದಕ್ಕಾಗಿ ಪದಕಗಳೂ ದೊರೆತುವು. ಈ ಸೇವೆಯ ನೆನಪು ಆರಿರಲಿಲ್ಲ. ೧೮೬೧ರಲ್ಲಿ, ತನ್ನ ಅಧಿಕಾರಾವಧಿಯ ಕೊನೆಯ ದಿನಗಳಲ್ಲಿ, ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿ, ನಿರಾಯುಧೀಕರಣದ ಕಾಯಿದೆಯು ಅವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದನು. ಅದೇ ವರ್ಷ ಸ್ವದೇಶಕ್ಕೆ ಹಿಂತಿರುಗುವಾಗ ಸೂಯೆಜಿನಲ್ಲಿ ಆತನು ಮೃತನಾದನು. ಆದರೆ ಆತನ ಸಾರಿಕೆಯು ಬಾಳಿತು. ೧೮೭೮ರ ಆಯುಧ ಕಾಯಿದೆಯ ಕಾಲದಲ್ಲಿಯೂ ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು.

ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಕಹಿಯಾದ ಸತ್ಯವು ಎದ್ದುಕಾಣುತ್ತದೆ. ಹಲಗಲಿಯವರ ಕೈಯಲ್ಲಿ ಆಯುಧವು ಅಪರಾಧವಾಯಿತು; ಕೊಡಗಿನವರ ಕೈಯಲ್ಲಿ ಅದೇ ಆಯುಧವು ಬಿರುದಾಯಿತು. ಶೌರ್ಯದಲ್ಲಿ ಒಬ್ಬರು ಹೆಚ್ಚು, ಒಬ್ಬರು ಕಡಮೆ ಎನ್ನುವಂತಿಲ್ಲ. ಪ್ರಭುತ್ವವು ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೀಗೆಂದ ಮಾತ್ರಕ್ಕೆ ಕೊಡಗಿನ ಕೋವಿಯು ಆಂಗ್ಲರ ಕೊಡುಗೆಯೆಂದು ತಿಳಿಯುವುದು ತಪ್ಪಾದೀತು. ಜಮ್ಮಾ ಭೂಮಿಯನ್ನು ಅರ್ಧ ಕಂದಾಯಕ್ಕೆ ಅನುಭವಿಸಿ ಅದಕ್ಕೆ ಬದಲಾಗಿ ಅರಸನಿಗೆ ದಂಡಿನ ಊಳಿಗ ಸಲ್ಲಿಸುವ ಪದ್ಧತಿ ಹಾಲೇರಿ ಅರಸರ ಕಾಲದ್ದು. ಅಲ್ಲದೆ ಕೊಡಗಿನ ಊರು ಬಯಲುಸೀಮೆಯ ಊರಿನಂತೆ ಒತ್ತಾಗಿಲ್ಲ. ಐನ್‌ಮನೆಗಳು ಗದ್ದೆಯ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ ಒಂದರಿಂದೊಂದು ದೂರವಾಗಿ ನಿಂತಿವೆ. ಅಲ್ಲಿ ಹುಡೆಯಿಂದ ಫಲವಿಲ್ಲ. ಮನೆಗೊಂದು ಕೋವಿಯೇ ಬೇಕು. ಆ ಕೋವಿಯು ಮಾತನಾಡುವ ಸಾಧನವೂ ಹೌದು. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಕಣಿವೆಯಾಚೆಯ ನೆಂಟನಿಗೆ ಸುದ್ದಿ ಮುಟ್ಟಲು ಗುಂಡು ಬೇಡ, ಬರಿಯ ಮದ್ದು ಸಾಕು. ಕೈಲ್‌ಪೊಳ್ದಿನಂದು ಆಯುಧಗಳಿಗೆ ಹೂ ಮುಡಿಸಿ ಪೂಜಿಸುವರು. ಪುತ್ತರಿಯಂದು ಕದಿರು ಕೊಯ್ಯುವ ಮುಹೂರ್ತಕ್ಕೆ ಈಡು ಹಾರಿಸುವರು. ಮದ್ದು ಮನೆಯಲ್ಲಿಯೇ ಆಗುತ್ತಿದ್ದ ಕಾಲದಲ್ಲಿ ಇವು ಯಾವುವೂ ದುಬಾರಿಯಾಗಿರಲಿಲ್ಲ.

ಮದ್ದು ದುಬಾರಿಯಾದುದಕ್ಕೂ ಪರಾಧೀನವಾದುದಕ್ಕೂ ಕಾರಣ ಎರಡು: ಒಂದು ಕಾನೂನು, ಇನ್ನೊಂದು ಯಂತ್ರವಿದ್ಯೆ. ೧೮೭೮ರ ಕಾಯಿದೆಯನ್ನು ರಚಿಸಿದವರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಸರ್ಕಾರವು ಇಷ್ಟಪಟ್ಟಲ್ಲಿ ಸೀಸ, ಗಂಧಕ, ಪೆಟ್ಲುಪ್ಪು ಇವುಗಳಿಗೂ ಕಾಯಿದೆಯ ನಿರ್ಬಂಧಗಳನ್ನು ವಿಸ್ತರಿಸಬಹುದೆಂದು ಅವರು ಬರೆದುಕೊಂಡರು. ಕೋವಿಯನ್ನು ಅಟ್ಟದ ಮೇಲೆ ಬಚ್ಚಿಡಬಹುದು. ಆದರೆ ಗಂಧಕದ ಅಂಗಡಿಯನ್ನು ಬಚ್ಚಿಡಲಾಗದು.

ಯಂತ್ರವಿದ್ಯೆಯ ಬದಲಾವಣೆ ಇದಕ್ಕಿಂತ ಮೆಲ್ಲಗೆ, ಆದರೆ ಇನ್ನೂ ಆಳವಾಗಿ ನಡೆಯಿತು. ಜಾಮಗಿ ಕೋವಿಯ ಬತ್ತಿಯನ್ನು ಮನೆಯಲ್ಲಿಯೇ ಹೊಸೆಯಬಹುದಾಗಿತ್ತು; ಚಕಮಕಿ ಕೋವಿಗೆ ಕಲ್ಲಿನ ಚೂರು ಸಾಕಾಗಿತ್ತು. ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ೧೮೦೭ರಲ್ಲಿ, ಪೆಟ್ಟು ತಾಕಿದೊಡನೆ ಸಿಡಿಯುವ ರಾಸಾಯನಿಕದಿಂದ ಕೋವಿಗೆ ಕಿಡಿ ಕೊಡುವ ವಿಧಾನಕ್ಕೆ ಸನ್ನದು ಪಡೆದನು. ಅದರಿಂದ ಬೆಳೆದುದೇ ತಾಮ್ರದ ಕೇಪು. ನಮ್ಮ ಮಲೆನಾಡಿನ ಪ್ರಸಿದ್ಧವಾದ ಕೇಪಿನ ಕೋವಿ ಇದರ ಸಂತಾನ. ಮದ್ದು ಮನೆಯದು, ಚರೆ ಮನೆಯದು. ಕೇಪು ಮಾತ್ರ ಕಾರ್ಖಾನೆಯದು. ಗೃಹಸ್ಥನು ಮೊಟ್ಟಮೊದಲು ಪರಾಧೀನನಾದುದು ಈ ಗುಂಡಿಯಷ್ಟು ಸಣ್ಣ ತಾಮ್ರದ ಚೂರಿನ ವಿಷಯದಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯೊಳಗೆ ಸೇರಿ ತೋಟಾ ಆಯಿತು. ತೋಟಾ ಕೋವಿಯು ಮಳೆಯಲ್ಲಿ ನಂಬಿಕೆಗೆ ಅರ್ಹ. ಕ್ಷಣಮಾತ್ರದಲ್ಲಿ ಎರಡನೆಯ ಈಡಿಗೆ ಸಿದ್ಧ. ಆದರೆ ತೋಟಾ ಮುಗಿದರೆ ಅದು ಬರಿಯ ಕಬ್ಬಿಣದ ಕೊಳವೆ. ಕೇಪಿನ ಕೋವಿಗೆ ಮದ್ದು ತುಂಬುವುದು ನಿಧಾನ, ಮಳೆಗಾಲದಲ್ಲಿ ಅದು ಕೈಕೊಡುವುದೂ ಉಂಟು. ಆದರೂ ಅದಕ್ಕೆ ಬೇಕಾದುದನ್ನು ಅಳತೆಯರಿತು, ಸಂದರ್ಭವರಿತು, ಅಗ್ಗವಾಗಿ ಹಾಕಬಹುದು. ಮಲೆನಾಡಿನ ಸಣ್ಣ ಹಿಡುವಳಿದಾರನ ಮನೆಯಲ್ಲಿ ಕೇಪಿನ ಕೋವಿಯೂ ದೊಡ್ಡ ತೋಟದ ಮನೆಯಲ್ಲಿ ತೋಟಾ ಕೋವಿಯೂ ಬಹುಕಾಲ ಉಳಿದುದಕ್ಕೆ ಈ ಲೆಕ್ಕವೇ ಕಾರಣವೆನ್ನಬೇಕು.

ರೈಫಲಿನ ಪ್ರಶ್ನೆ ಇನ್ನೂ ಬೇರೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿಂದ ಗುಂಡು ತಿರುಗುತ್ತ ಹೊರಟು ನೇರವಾಗಿ ಬಹುದೂರ ಹೋಗುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಬಲ್ಲುದು. ಚರೆಯಾದರೋ ಕೆಲವು ನೂರು ಗಜಗಳಲ್ಲಿ ಬಲಗುಂದಿ ನೆಲಕ್ಕೆ ಬೀಳುತ್ತದೆ. ಕಾಡಿನ ದೊಡ್ಡ ಮೃಗಕ್ಕೆ ರೈಫಲು ಸರಿ, ಅಂಗಳದ ಕಾವಲಿಗೆ ಚರೆಯ ಕೋವಿ ಸರಿ ಎಂಬ ವಿವೇಕವು ಇದರಿಂದ ಹುಟ್ಟಿತು. ಬೆಲೆಯೂ ಅದೇ ವಿವೇಕಕ್ಕೆ ಒತ್ತಾಸೆಯಾಯಿತು. ಏಕೆಂದರೆ ರೈಫಲಿನ ಗುಂಡನ್ನು ಮನೆಯಲ್ಲಿ ಎರೆಯುವಂತಿಲ್ಲ, ಒಂದು ಬೋರಿನದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇಲ್ಲಿಯೂ ಪ್ರಭುತ್ವವು ಕೈಹಾಕಿತು. ಸೇನೆಯ ಗುಂಡು ಕಳವಾಗಿ ಜನರ ರೈಫಲುಗಳಿಗೆ ಸೇರಬಾರದೆಂಬ ಉದ್ದೇಶದಿಂದ ಸೇನೆಯು ಬಳಸುತ್ತಿದ್ದ ಬೋರುಗಳನ್ನು ಖಾಸಗಿಯವರಿಗೆ ನಿಷೇಧಿಸಲಾಯಿತು. ಪಾಯಿಂಟ್ ೪೫೦ ಬೋರಿಗೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿದ್ದ ನಿಷೇಧದಿಂದ ಇಂಗ್ಲೆಂಡಿನ ತಯಾರಕರು ಪಾಯಿಂಟ್ ೪೬೫, ಪಾಯಿಂಟ್ ೪೭೦ ಮುಂತಾದ ಹೊಸ ಬೋರುಗಳನ್ನೇ ಸೃಷ್ಟಿಸಬೇಕಾಯಿತು. ಪಾಯಿಂಟ್ ೩೦೩ ಸೇನೆಯದಾದುದರಿಂದ ನಾಗರಿಕರ ಪಾಲಿಗೆ ಪಾಯಿಂಟ್ ೩೧೫ ಬಂದಿತು; ನಮ್ಮ ದೇಶದ ಕಾರ್ಖಾನೆಗಳು ನಾಗರಿಕರಿಗಾಗಿ ತಯಾರಿಸುವ ರೈಫಲುಗಳ ಬೋರುಗಳಲ್ಲಿ ಅದೂ ಒಂದು. ಗೃಹಸ್ಥನು ಆರಿಸಿಕೊಂಡನೆಂದು ನಾವು ಭಾವಿಸುವ ಗುಂಡನ್ನು ಎಷ್ಟೋ ವೇಳೆ ಸರ್ಕಾರವೇ ಅವನಿಗಾಗಿ ಆರಿಸಿಟ್ಟಿರುತ್ತದೆ.

ಸ್ವಾತಂತ್ರ್ಯಾನಂತರ ಈ ಸಂಬಂಧವು ಬದಲಾಗಬಹುದೆಂಬ ನಿರೀಕ್ಷೆಯಿದ್ದಿತು. ೧೯೩೧ರ ಕರಾಚಿ ಕಾಂಗ್ರೆಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನಿರಿಸಿಕೊಳ್ಳುವ ಹಕ್ಕೂ ಸೇರಿದ್ದಿತು. ಅದನ್ನೇ ನೆನಪಿಸಿ ಸಂವಿಧಾನ ಸಭೆಯಲ್ಲಿ ೧೯೪೮ರ ಡಿಸೆಂಬರಿನಲ್ಲಿ ತಿದ್ದುಪಡಿಯನ್ನು ಮಂಡಿಸಿದವರು ಹರಿ ವಿಷ್ಣು ಕಾಮತರು, ಮಂಗಳೂರಿನಲ್ಲಿ ಜನಿಸಿದವರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಆಯುಧವು ಹಕ್ಕಾಗದೆ ಅನುಮತಿಯಾಗಿಯೇ ಉಳಿಯಿತು. ೧೯೫೯ರಲ್ಲಿ ರಚಿತವಾಗಿ ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಆಯುಧ ಕಾಯಿದೆಯು ಮದ್ದುಗುಂಡಿಗೂ ಪರವಾನಗಿಯನ್ನು ವಿಧಿಸಿತು. ಕೊಂಡ ಪ್ರತಿಯೊಂದು ತೋಟಾಕ್ಕೂ ಲೆಕ್ಕವಿರಬೇಕೆಂದಾಯಿತು. ಈಲಿ, ಕೈನಾಕ್ ಮುಂತಾದ ವಿಲಾಯತಿ ತೋಟಾಗಳ ಕಾಲ ಮುಗಿದು, ೧೮೬೯ರಲ್ಲಿ ಸ್ಥಾಪಿತವಾದ ಪುಣೆಯ ಬಳಿಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ತೋಟಾಗಳು ಅಂಗಡಿಗಳಲ್ಲಿ ಪ್ರಧಾನವಾದುವು. ೨೦೧೯ರ ತಿದ್ದುಪಡಿಯು ಒಬ್ಬನು ಪರವಾನಗಿಯ ಮೇಲೆ ಇರಿಸಿಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಕೊಡಗಿನ ವಿನಾಯಿತಿಯಾದರೋ ಉಳಿದುಬಂದಿದೆ. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು. ಕುಲ ಮತ್ತು ಹಿಡುವಳಿಯ ಆಧಾರದ ಮೇಲೆ ಹೀಗೆ ಭೇದವೆಣಿಸುವುದು ಸಮಾನತೆಗೆ ವಿರುದ್ಧವೆಂಬ ಆಕ್ಷೇಪವು ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ೨೦೨೧ರಲ್ಲಿ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಉಚ್ಚ ನ್ಯಾಯಾಲಯದ ಮಟ್ಟಿಗೆ ಕಾನೂನಿನ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತೆನ್ನಬಹುದು. ಇತಿಹಾಸದ ಪ್ರಶ್ನೆ ಹಾಗೆ ಇತ್ಯರ್ಥವಾಗುವುದಿಲ್ಲ. ಅದೇ ಕಾಡಿನಂಚಿನಲ್ಲಿ, ಅದೇ ಆನೆ ಹಂದಿಗಳ ಕಾಟದಲ್ಲಿ ಬಾಳುವ ಜಮ್ಮಾ ಭೂಮಿಯಿಲ್ಲದ ಕೂಲಿಯವನಿಗೂ, ಗಡಿಯಾಚೆ ಬೆಳೆರಕ್ಷಣೆಯ ಪರವಾನಗಿಗಾಗಿ ಕಚೇರಿಗೆ ಅಲೆಯುವ ಮಲೆನಾಡಿನ ರೈತನಿಗೂ ಈ ನಂಬಿಕೆಯ ಪಾಲು ಸಂದಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ನೆಪವೂ ಉಳಿಯಲಿಲ್ಲ. ಇಷ್ಟಾದರೂ ಕೊಡಗಿನ ಅನುಭವದಿಂದ ಒಂದು ಮಾತನ್ನು ಹೇಳಬಹುದು. ಕೋವಿಯು ಪೂಜೆಯ ವಸ್ತುವಾಗಿ, ಹುಟ್ಟುಸಾವುಗಳ ಸಂಗಾತಿಯಾಗಿ, ಮನೆತನದ ಮಾನಕ್ಕೆ ಹೊಣೆಯಾಗಿ ನಿಂತಲ್ಲಿ ಅದನ್ನು ಕಟ್ಟಿಹಾಕಿರುವುದು ಕಾನೂನೊಂದೇ ಅಲ್ಲ, ಕಟ್ಟಳೆಯೂ ಹೌದು.

ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಆ ಕಟ್ಟಳೆಯ ನೆಲೆಯಿಲ್ಲ. ೧೯೪೮ರಲ್ಲಿ ಅಡಿಗಲ್ಲು ಬಿದ್ದ ಜಯನಗರವು ಇಂದು ಗೋಡೆಗೆ ಗೋಡೆ ತಾಗಿದ ಮನೆಗಳ ನಗರ. ಇಲ್ಲಿ ಹಾರಿದ ಗುಂಡು ಕಳ್ಳನ ಬಳಿಯಲ್ಲಿಯೇ ನಿಲ್ಲುವುದೆಂಬ ಭರವಸೆಯಿಲ್ಲ. ನೆರೆಯವನ ಮಗುವಿನ ಕೋಣೆಯೂ ಅದರ ದಾರಿಯಲ್ಲಿಯೇ ಇದೆ. ಒಂಟಿಮನೆಯ ಲೆಕ್ಕದಲ್ಲಿ ಹುಟ್ಟಿದ ನೂರು ಗುಂಡು, ಐನೂರು ತೋಟಾಗಳ ವಿಧಿಯು ಇಲ್ಲಿ ಹಳೆಯ ಒಪ್ಪಂದವೊಂದರ ಕುರುಹಾಗಿ ಮಾತ್ರ ಅರ್ಥವತ್ತಾಗಿದೆ. ಅಗ್ಗವಾದ ಗುಂಡು ಯಾವುದೆಂಬ ಪ್ರಶ್ನೆಗೆ ಹಿಂದಿನವರು ಕೊಟ್ಟ ಉತ್ತರವನ್ನು ನೋಡಿದ್ದೇವೆ: ಕೈಯಾರೆ ಮಾಡಬಲ್ಲುದು, ಮಿತವಾಗಿ ಬಳಸಬಲ್ಲುದು, ಬರಿಯ ಸದ್ದಿನಿಂದಲೇ ಕೆಲಸ ತೀರಿಸಬಲ್ಲುದು. ಹಾರಿಸದೆ ಉಳಿದ ಗುಂಡೇ ಎಲ್ಲಕ್ಕಿಂತ ಅಗ್ಗವೆಂಬುದನ್ನೂ ಅವರು ಬಲ್ಲವರಾಗಿದ್ದರು.

ನಮ್ಮ ಸೈನಿಕ ಇತಿಹಾಸವು ಈವರೆಗೆ ಕೋಟೆ, ಕದನ, ಸೇನಾನಿಗಳ ಸುತ್ತ ಬೆಳೆದಿದೆ. ಹಳೆಯ ಮನೆತನಗಳ ಕಡತಗಳಲ್ಲಿ, ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ, ತಾಲ್ಲೂಕು ಕಚೇರಿಯ ದಫ್ತರಗಳಲ್ಲಿ ಮದ್ದು, ಸೀಸ, ಕೇಪುಗಳಿಗೆ ತೆತ್ತ ಕಾಸಿನ ಲೆಕ್ಕವನ್ನು ಹುಡುಕಿ ಜೋಡಿಸುವ ಕೆಲಸವನ್ನು ತರುಣ ಸಂಶೋಧಕರು ಕೈಗೊಳ್ಳಬೇಕಾಗಿದೆ. ಹಲಗಲಿಯವರು ಯಾವುದಕ್ಕಾಗಿ ಪ್ರಾಣ ತೆತ್ತರು, ಕೊಡಗಿನವರು ಯಾವುದನ್ನು ಉಳಿಸಿಕೊಂಡರು ಎಂಬುದರ ಸರಿಯಾದ ಬೆಲೆಯು ಆಗ ನಮಗೆ ತಿಳಿದೀತು.